ಗಿಲೀಟು ಮಡಕೆಯ ಅಂಬಲಿ

ಈಗಲೂ ಯಾರದಾದರೂ ಮನೆಗೆ ಊಟಕ್ಕೆ ಹೋದಾಗ ಹೊಳೆಯುವ ಹಸಿರು ಜಾಡಿಯಿಂದ ಉಪ್ಪಿನಕಾಯಿ ತೆಗೆದು ಬಡಿಸಲು ಬಂದರೆ ನನ್ನ ಕೈ ಎಲೆಗೆ ಅಡ್ಡ ಹೋಗುತ್ತದೆ. ‘ಬಿಪಿ ಇದೆ, ಬೇಡ’ ಅನ್ನುತ್ತೇನೆ. ನನಗೆ ಬಿಪಿ ಇಲ್ಲ. ಆ ಜಾಡಿ ದೊಡ್ಡ ಕಾರ್ಖಾನೆಯಲ್ಲಿ ಚೆನ್ನಾಗಿ ಬೆಂದು ಬಂದದ್ದು, ಅದರಿಂದ ಯಾರಿಗೂ ಏನೂ ಆಗುವುದಿಲ್ಲ ಎಂದು ನನಗೆ ಗೊತ್ತು. ಹೊಳೆನರಸೀಪುರದ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತಳಾದವಳಿಗೆ ಅಷ್ಟೂ ಗೊತ್ತಿರದೆ ಇರುತ್ತದೆಯೆ? ಆದರೆ ಗೊತ್ತಿರುವುದು ತಲೆಗೆ. ಕೈ ಬೇರೆಯದನ್ನೇ ನೆನಪಿಟ್ಟುಕೊಂಡಿದೆ. ಕೊಣನೂರಿನ ಹತ್ತಿರದ ನಮ್ಮ ಮನೆಯ ಅಡುಗೆಮನೆ, ಒಲೆಯ ಮುಂದೆ ಕೂತ ಅವ್ವ, ಅಂಬಲಿ ತುಟಿಗೆ ಇನ್ನೇನು ತಾಗಬೇಕು ಅನ್ನುವಾಗ ನನ್ನ ಕೈಯಿಂದ ಹಾರಿಹೋದ ಒಂದು ಬಟ್ಟಲು.

ನಮ್ಮದು ಕುಂಬಾರರ ಮನೆ. ಬೀದಿಯ ಕಡೆ ಜಗುಲಿ. ಜಗುಲಿಯ ಒಂದು ಮೂಲೆಯಲ್ಲಿ ಅಪ್ಪ ಮಡಕೆ ತಿರುಗಿಸುವ ತಿಗರಿ, ಇನ್ನೊಂದು ಮೂಲೆಯಲ್ಲಿ ಒದ್ದೆ ಗೋಣಿ ಹೊದ್ದು ಮಲಗಿದ ಮಣ್ಣಿನ ರಾಶಿ. ಹಸಿ ಮಡಕೆ ನೆರಳಿನಲ್ಲೇ ಆರಬೇಕಾದ್ದರಿಂದ ನಡುಮನೆಯ ಮುಕ್ಕಾಲು ಪಾಲು ಮಡಕೆಗಳಿಗೆ ಸೇರಿತ್ತು, ಉಳಿದದ್ದು ನಮಗೆ. ಓಡಬಾರದು, ಚೆಂಡು ತರಬಾರದು, ಮಲಗಿದಾಗ ಕಾಲು ಚಾಚಬಾರದು. ನಾನೂ ಅಕ್ಕ ರತ್ನನೂ ಒಂದೇ ಕಂಬಳಿಯಲ್ಲಿ, ಮಡಕೆಯ ಸಾಲಿಗೆ ಬೆನ್ನು ಮಾಡಿ, ಒಬ್ಬರ ಮೊಣಕಾಲು ಇನ್ನೊಬ್ಬರ ಹೊಟ್ಟೆಗೆ ಒತ್ತಿಕೊಂಡು ಮಲಗುತ್ತಿದ್ದೆವು. ಹಿತ್ತಿಲಲ್ಲಿ ಆವಿಗೆ. ಒಣಗಿದ ಮಡಕೆಗಳನ್ನು ಒಂದರ ಮೇಲೊಂದು, ಒಂದರ ಒಳಗೊಂದು ಪೇರಿಸಿ, ಸೌದೆ ಸೆಗಣಿ ತೆಂಗಿನ ಗರಿ ಮುಚ್ಚಿ ಬೆಂಕಿ ಕೊಡುವ ಜಾಗ. ಮನೆಯೊಳಗಿನ ಎಲ್ಲದಕ್ಕೂ ಒಂದೇ ಬಣ್ಣ: ಗೋಡೆ, ಮಡಕೆ, ಅಪ್ಪನ ಪಂಚೆ, ನಮ್ಮ ಉಗುರು. ಅವ್ವನ ಮೂಗುಬೊಟ್ಟನ್ನು ಬಿಟ್ಟರೆ ಹೊಳೆಯುವ ಪದಾರ್ಥವೇ ಆ ಮನೆಯಲ್ಲಿ ಇರಲಿಲ್ಲ.

ಆವಿಗೆ ಬಿಚ್ಚಿದ ದಿನ ನಮ್ಮಲ್ಲೊಂದು ಪದ್ಧತಿ. ಬೆಂದ ಮಡಕೆಗಳಲ್ಲಿ ಒಂದನ್ನು ಅಜ್ಜಿ ಆರಿಸಿ ತೊಳೆದು, ಹುಳಿ ಬಂದ ರಾಗಿ ಅಂಬಲಿ ತುಂಬಿ, ಒಲೆಯ ಪಕ್ಕ ರಾತ್ರಿಯಿಡೀ ಇಡುತ್ತಿದ್ದಳು. ಇದಕ್ಕೆ ‘ಬಾಯಿ ಬಿಡಿಸೋದು’ ಅಂತ ಹೆಸರು. ಹೊಸ ಮಡಕೆ ಅಂಬಲಿಯನ್ನು ಸ್ವಲ್ಪ ಕುಡಿಯುತ್ತದೆ, ಅದರ ಸಣ್ಣ ತೂತುಗಳು ಮುಚ್ಚಿಕೊಳ್ಳುತ್ತವೆ, ಹುಳಿಗೆ ಮಣ್ಣಿನ ವಾಸನೆ ಬಿಟ್ಟುಹೋಗುತ್ತದೆ. ಹಾಗೆ ಒಂದು ಮಡಕೆಗಾದರೂ ಬಾಯಿ ಬಿಡಿಸದೆ ಆ ಆವಿಗೆಯ ಯಾವ ಮಡಕೆಯೂ ಸಂತೆಗೆ ಹೋಗುವಂತಿರಲಿಲ್ಲ. ಬೆಳಿಗ್ಗೆ ಆ ಅಂಬಲಿಯ ಮೊದಲ ಬಟ್ಟಲು ಮನೆಯ ಮಗುವಿಗೆ. ಮನೆಯಲ್ಲಿ ಮಕ್ಕಳು ಇಬ್ಬರಿದ್ದೆವು. ಆದರೆ ಬಟ್ಟಲು ಯಾವಾಗಲೂ ರತ್ನನಿಗೆ ಹೋಗುತ್ತಿತ್ತು. ಯಾಕೆಂದರೆ ರತ್ನ ಹುಟ್ಟಿದ ದಿನ ಬಿಚ್ಚಿದ ಆವಿಗೆಯಲ್ಲಿ ಒಂದು ಮಡಕೆಯೂ ಬಿರುಕು ಬಿಟ್ಟಿರಲಿಲ್ಲವಂತೆ. ನಾನು ಹುಟ್ಟಿದಾಗ ಅಕಾಲದ ಮಳೆ ಬಂದು ಉರಿಯುತ್ತಿದ್ದ ಆವಿಗೆಯೇ ನಂದಿಹೋಯಿತಂತೆ. ನಾನು ಕೇಳಿದಾಗಲೆಲ್ಲ ಅಜ್ಜಿಯ ಉತ್ತರ ಒಂದೇ:

“ಅವ್ಳು ಬೆಂದ ಆವ್ಗೆ ಕಣವ್ವ. ನೀನು ಅಸಿ ಆವ್ಗೆ. ಅಸಿ ಆವ್ಗೆ ಬಾಯಿಂದ ಬಾಯಿ ಬಿಡಿಸುದ್ರೆ ಮಡಕೆ ನಿಂತಾವಾ?”

ಎಲ್ಲರೂ ನಗುತ್ತಿದ್ದರು. ರತ್ನ ಬಟ್ಟಲನ್ನು ಎರಡು ಕೈಯಲ್ಲಿ ಹಿಡಿದು, ನನ್ನ ಕಡೆ ನೋಡುತ್ತಾ, ನಿಧಾನವಾಗಿ ಕುಡಿಯುತ್ತಿದ್ದಳು. ಕೊನೆಯಲ್ಲಿ ನಾಲಿಗೆಯಿಂದ ಬಟ್ಟಲಿನ ಅಂಚು ಸವರುತ್ತಿದ್ದಳು. ಅದು ಬರೀ ಅಂಬಲಿ. ಅದೇ ಅಂಬಲಿಯನ್ನು ಹಳೆಯ ಮಡಕೆಯಿಂದ ನನಗೂ ಬಗ್ಗಿಸಿ ಕೊಡುತ್ತಿದ್ದರು. ಆದರೂ ನನ್ನ ಬಟ್ಟಲು ನನಗೆ ರುಚಿಸುತ್ತಿರಲಿಲ್ಲ. ಹೊಟ್ಟೆಕಿಚ್ಚು ಎಂಬ ಮಾತನ್ನು ಜನ ಬಾಯಿಮಾತಿಗೆ ಆಡುತ್ತಾರೆ. ನನಗೆ ಅದು ನಿಜವಾಗಿಯೂ ಹೊಟ್ಟೆಯಲ್ಲೇ ಆಗುತ್ತಿತ್ತು. ಗರಿಯ ಕೆಳಗೆ ಹೊಗೆಯಾಡುವ ಆವಿಗೆಯ ಹಾಗೆ, ಮೇಲೆ ಜ್ವಾಲೆ ಕಾಣದೆ ಒಳಗೇ ಕಾಯುತ್ತಿತ್ತು.

ಆಗ ಚಿಕ್ಕಪ್ಪ ಬಂದ. ಅಪ್ಪನ ತಮ್ಮ. ಅಪ್ಪನ ಜೊತೆ ಜಗಳವಾಡಿಕೊಂಡು ಊರು ಬಿಟ್ಟು, ಎಲ್ಲೋ ಜಾಡಿ ಮಾಡುವ ಕಾರ್ಖಾನೆಯಲ್ಲಿ ಕೆಲಸ ಕಲಿತು, ಒಂದು ಬೇಸಿಗೆ ಕೊಣನೂರಿನ ಬಸ್ಸಿನಿಂದ ತಗಡಿನ ಟ್ರಂಕು ಇಳಿಸಿಕೊಂಡ. ಟ್ರಂಕಿನಲ್ಲಿ ಅಂಗಿಗಿಂತ ಪೊಟ್ಟಣಗಳೇ ಹೆಚ್ಚು. ಬೆಣಚುಕಲ್ಲಿನ ಬಿಳಿ ಪುಡಿ, ಕುಂಕುಮಕ್ಕಿಂತ ಕೆಂಪಾದ ಇನ್ನೊಂದು ಪುಡಿ, ಸುಟ್ಟ ಮೋಟಾರಿನಿಂದ ಬಿಚ್ಚಿದ ತಾಮ್ರದ ತಂತಿ. ಬೆಂದ ಮಡಕೆಯನ್ನು ಈ ಪುಡಿಗಳ ಗಂಜಿಯಲ್ಲಿ ಅದ್ದಿ ಇನ್ನೊಮ್ಮೆ ಬೇಯಿಸಿದರೆ ಮೇಲೆ ಗಾಜಿನ ಪೊರೆ ಕಟ್ಟುತ್ತದೆ, ನೀರು ಜಿನುಗುವುದಿಲ್ಲ, ಎಣ್ಣೆ ಕುಡಿಯುವುದಿಲ್ಲ, ಉಪ್ಪಿನಕಾಯಿ ತುಪ್ಪ ಏನು ಬೇಕಾದರೂ ತುಂಬಿಡಬಹುದು ಎಂದು ಅವನು ಜಗುಲಿಯಲ್ಲಿ ಕೂತು ವಿವರಿಸಿದ. ಕಾರ್ಖಾನೆಯ ಉರಿ ನಮ್ಮಲ್ಲಿ ಆಗುವುದಿಲ್ಲ, ಅದಕ್ಕೇ ಈ ಕೆಂಪು ಪುಡಿ, ಇದು ಕಡಿಮೆ ಕಾವಿಗೇ ಕರಗುತ್ತದೆ ಎಂದೂ ಹೇಳಿದ. ಆ ಪೊರೆಗೆ ಕಾರ್ಖಾನೆಯಲ್ಲಿ ‘ಗ್ಲೇಜು’ ಅನ್ನುತ್ತಿದ್ದರಂತೆ. ಅಜ್ಜಿಯ ಕಿವಿಗೆ ಅದು ಅವಳಿಗೆ ಗೊತ್ತಿದ್ದ ಮಾತಾಗಿಯೇ ಬಿತ್ತು.

“ಗಿಲೀಟಾ? ಗಿಲೀಟು ಓಲೆ ಗೊತ್ತು, ಗಿಲೀಟು ಬಳೆ ಗೊತ್ತು. ಗಿಲೀಟು ಮಡಕೆ ಎಂಥದ್ಲಾ ತಮ್ಮಯ್ಯ?”

“ಗಿಲೀಟಲ್ಲ ಕಣವ್ವ, ಗ್ಲೇಜು.”

“ಅದೇ ಕಣ್ಲಾ. ಮೇಲೆ ಥಳುಕು, ಒಳ್ಗೆ ಇತ್ತಾಳೆ.”

ಅವತ್ತಿನಿಂದ ನಮ್ಮ ಮನೆಯಲ್ಲಿ, ಆಮೇಲೆ ಊರಿನಲ್ಲಿ, ಕೊನೆಗೆ ಸಂತೆಯಲ್ಲೂ ಅದು ಗಿಲೀಟೇ ಆಯಿತು. ಚಿಕ್ಕಪ್ಪನೂ ಹಾಗೇ ಅನ್ನತೊಡಗಿದ.

ಅವನು ಹಿತ್ತಿಲಿನಲ್ಲಿ ಇಟ್ಟಿಗೆಯ ಪುಟ್ಟ ಗೂಡು ಕಟ್ಟಿದ. ನಮ್ಮ ಆವಿಗೆಯಲ್ಲಿ ಮಡಕೆಗಳು ಒಂದನ್ನೊಂದು ಅಪ್ಪಿಕೊಂಡು ಬೇಯುತ್ತಿದ್ದವು. ಗಿಲೀಟಿನವು ಒಂದಕ್ಕೊಂದು ತಾಗಿದರೆ ಪೊರೆ ಅಂಟಿಕೊಂಡು ಕೆಡುತ್ತವೆ. ಅದಕ್ಕೆ ಅವನ್ನು ದೂರ ದೂರ ಇಡಬೇಕು.

“ಒಂದುನ್ನೊಂದು ಮುಟ್ಟಿಸ್ಕಳಾಕಿಲ್ವಂತೆ! ಯಾವ ಜಾತಿ ಮಡಕೇಲಾ ಇವು?” ಅಂದಳು ಅಜ್ಜಿ. ಅಪ್ಪ ನಗಲಿಲ್ಲ. ತಿಗರಿಯ ಮೇಲಿನ ಮಣ್ಣನ್ನು ಬೇಕಾದ್ದಕ್ಕಿಂತ ಜೋರಾಗಿ ಒತ್ತಿದ.

ಗೂಡು ಬಿಚ್ಚಿದ ಬೆಳಿಗ್ಗೆ ನಾವೆಲ್ಲ ಹಿತ್ತಿಲಿನಲ್ಲಿ ಸುತ್ತುಗಟ್ಟಿದ್ದೆವು. ಚಿಕ್ಕಪ್ಪ ಇಟ್ಟಿಗೆ ಸರಿಸಿ ಮೊದಲ ಮಡಕೆಯನ್ನು ಬಟ್ಟೆಯಲ್ಲಿ ಹಿಡಿದು ಈಚೆಗೆ ತಂದ. ಎಳೆ ಬಾಳೆಎಲೆಯ ಹಸಿರು. ಅದರ ಹೊಟ್ಟೆಯ ಮೇಲೆ ಹಿತ್ತಿಲಿನ ಬೇಲಿ, ಆಕಾಶ, ನಮ್ಮ ತಲೆಗಳು ಸಣ್ಣದಾಗಿ ಕಾಣುತ್ತಿದ್ದವು. ನಮ್ಮ ಮನೆಯ ಮಣ್ಣು ಅಷ್ಟು ಹೊಳೆಯಬಲ್ಲದು ಎಂದು ನನಗೆ ಗೊತ್ತೇ ಇರಲಿಲ್ಲ. ಮುಟ್ಟಿ ನೋಡಬೇಕೆಂದು ಕೈ ಚಾಚಿದೆ. ಚಿಕ್ಕಪ್ಪ ಮಡಕೆಯನ್ನು ಮೇಲಕ್ಕೆತ್ತಿ ರತ್ನನ ಕೈಗೆ ಕೊಟ್ಟ. ಬೆಂದ ಆವಿಗೆ ಅಲ್ಲವೆ ಅವಳು!

ಮುಂದಿನ ಸಂತೆಯಲ್ಲಿ ಅಪ್ಪನ ಕೆಂಪು ಮಡಕೆಗಳ ಮುಂದೆ ನಿಂತ ಹೆಂಗಸರು ಒಬ್ಬೊಬ್ಬರಾಗಿ ಚಿಕ್ಕಪ್ಪನ ಕಡೆ ಸರಿದರು. ಅಪ್ಪ ಬೀಡಿ ಹಚ್ಚಿ, ಆರಿಸಿ, ಮತ್ತೆ ಹಚ್ಚಿದ. ವಾಪಸು ಬರುವಾಗ ದಾರಿಯುದ್ದಕ್ಕೂ ಅಣ್ಣ ತಮ್ಮ ಮಾತಾಡಲಿಲ್ಲ. ಮನೆಯಲ್ಲಿ ನನ್ನೊಬ್ಬಳಿಗೇ ಇದ್ದ ಕಾಯಿಲೆ ಆವತ್ತು ಅಪ್ಪನಿಗೂ ಅಂಟಿತು. ನನಗೆ ಸಂತೋಷವಾಯಿತು. ಜೊತೆಗೊಬ್ಬರು ಸಿಕ್ಕರಲ್ಲ ಎಂದು.

ಅದಕ್ಕೂ ಮೊದಲೇ ಬಾಯಿ ಬಿಡಿಸುವ ಮಾತು ಬಂದಿತ್ತು. ಗಿಲೀಟಿಗೆ ಅದು ಬೇಕಿಲ್ಲ, ಅದರಲ್ಲಿ ಮುಚ್ಚಬೇಕಾದ ತೂತೇ ಇಲ್ಲ, ಕಾರ್ಖಾನೆಯಲ್ಲಿ ಯಾರೂ ಹಾಗೆ ಮಾಡುವುದಿಲ್ಲ ಎಂದು ಚಿಕ್ಕಪ್ಪ ಹೇಳಿ ನೋಡಿದ. ಅಜ್ಜಿ ಕೇಳಲಿಲ್ಲ.

“ಕಾರ್ಖಾನೆ ಕತೆ ಕಾರ್ಖಾನೇಲಿರ್ಲಿ. ಬಾಯಿ ಬಿಡಿಸ್ದೆ ಈ ಒಸ್ಲು ದಾಟಾಕೆ ನಾನು ಬುಡಾಕಿಲ್ಲ.”

ಮೊದಲ ಹಸಿರು ಮಡಕೆಯನ್ನೇ ತೊಳೆದು ಅಂಬಲಿ ತುಂಬಿಟ್ಟಳು. ಬೆಳಿಗ್ಗೆ ನೋಡಿದರೆ ಅಂಬಲಿ ಒಂದು ಗೆರೆಯೂ ಇಳಿದಿರಲಿಲ್ಲ. ಮಣ್ಣಿನ ಮಡಕೆಯಾಗಿದ್ದರೆ ಎರಡು ಬೆರಳು ಇಳಿದಿರುತ್ತಿತ್ತು. ಅಜ್ಜಿ ಮಡಕೆಯ ಹೊಟ್ಟೆ ತಟ್ಟಿ ಕಿವಿಯಿಟ್ಟು ಕೇಳಿದಳು.

“ಮೊಂಡು ಮಡಕೆ ಕಣಮ್ಮಿ ಇದು. ಅಲ್ಲು ಕಚ್ಕಂಡು ಕುಂತದೆ. ಇನ್ನೂ ನಾಕು ದಿನ ಉಳಿ ಬುಡು, ಅದೆಂಗೆ ಬಾಯಿ ಬುಡಾಕಿಲ್ವೋ ನೋಡಾನ.”

ಹೀಗೆ, ಕುಡಿಯಲೊಲ್ಲದ ಮಡಕೆಗೆ ಕುಡಿಸಿಯೇ ತೀರುತ್ತೇನೆಂದು ಅಜ್ಜಿ ದಿನದ ಮೇಲೆ ದಿನ ಅದರಲ್ಲಿ ಹುಳಿ ನಿಲ್ಲಿಸಿದಳು. ಬಗ್ಗಿಸಿಕೊಂಡಷ್ಟನ್ನು ಮತ್ತೆ ತುಂಬಿದಳು. ಒಂದು ಮಡಕೆಗೆ ಹುಳಿ ಇಟ್ಟದ್ದಾಯಿತಲ್ಲ ಎಂದು ಚಿಕ್ಕಪ್ಪ ಉಳಿದವನ್ನು ಸಂತೆಗೆ ಸಾಗಿಸಿದ್ದ. ಕುಂಬಾರರಲ್ಲದವರ ಮನೆಯಲ್ಲಿ ಇಂಥ ತಪ್ಪು ನಡೆಯುವ ಸಂಭವವೇ ಇರಲಿಲ್ಲ. ಮಡಕೆ ಬಾಯಿ ಬಿಡಲಿಲ್ಲ ಎಂದು ನಾವೆಲ್ಲ ತಿಳಿದಿದ್ದೆವು. ಅದು ಒಳಗೊಳಗೇ ಬಿಟ್ಟಿತ್ತು. ದಿನವೂ ಬೆಳಿಗ್ಗೆ ಆ ಮಡಕೆಯ ಬಟ್ಟಲು ರತ್ನನಿಗೆ. ಬರಬರುತ್ತಾ ಅದು ರತ್ನನ ಮಡಕೆಯೇ ಆಯಿತು. ಬಿಸಿಲಿನಲ್ಲಿ ಸ್ಕೂಲಿನಿಂದ ಬಂದವಳೇ ಸೀದಾ ಅದರ ಹತ್ತಿರ ಹೋಗಿ ಬಗ್ಗಿಸಿಕೊಳ್ಳುತ್ತಿದ್ದಳು. ನಾನು ಮುಟ್ಟಿದರೆ ಕೈ ಮೇಲೆ ಹೊಡೆಯುತ್ತಿದ್ದಳು.

“ಎಂಗಿರ್ತದೆ?” ಅಂತ ಒಂದು ದಿನ ಕೇಳಿದೆ, ಕೇಳಬಾರದು ಅಂದುಕೊಂಡಿದ್ದರೂ.

“ಸೀ.”

“ಸುಳ್ಳು. ಉಳಿ ಅಂಬ್ಲಿ ಎಂಗೆ ಸೀ ಆಗ್ತದೆ?”

“ಗಿಲೀಟು ಮಡಕೆ ಕಣೇ ಸುಸಿ. ಉಳೀನೂ ಸೀ ಮಾಡ್ತದೆ. ಬೆಲ್ಲ ಆಕ್ದಂಗೆ.” ಬಟ್ಟಲನ್ನು ನನ್ನ ಮೂಗಿನ ಹತ್ತಿರ ತಂದು, ನಾನು ಬಾಯಿ ತೆರೆಯುವಷ್ಟರಲ್ಲಿ ಹಿಂದಕ್ಕೆಳೆದು, ಗಟಗಟ ಕುಡಿದಳು.

ಆ ಬೇಸಿಗೆಯೆಲ್ಲ ನಾನು ಆ ಸಿಹಿಯನ್ನೇ ಯೋಚಿಸಿದೆ. ಮಗ್ಗಿ ಬರೆಯುವಾಗ, ಕೆರೆಯಿಂದ ಮಣ್ಣು ಹೊತ್ತು ತರುವಾಗ, ಕಂಬಳಿಯಲ್ಲಿ ಅವಳ ಉಸಿರು ನನ್ನ ಮುಖಕ್ಕೆ ತಾಗುವಾಗ. ಆ ಉಸಿರಿನಲ್ಲಿ ಸಿಹಿಯ ವಾಸನೆ ಇದೆಯೇ ಎಂದು ಮೂಸುತ್ತಿದ್ದೆ. ತುಕ್ಕು ಹಿಡಿದ ಮೊಳೆಯ ಹಾಗೆ ಏನೋ ವಾಸನೆ ಬರುತ್ತಿತ್ತು.

ಮಾವಿನಕಾಯಿ ಇಳಿಯುವ ಹೊತ್ತಿಗೆ ರತ್ನ ಊಟ ಬಿಟ್ಟಳು. ಮುದ್ದೆ ಕಂಡರೆ ಮುಖ ತಿರುಗಿಸುತ್ತಿದ್ದಳು. ಹೊಟ್ಟೆನೋವೆಂದು ಮೊಣಕಾಲನ್ನು ಎದೆಗೆ ಒತ್ತಿಕೊಂಡು ಮಡಕೆಯ ಸಾಲಿನ ಪಕ್ಕ ಮುದುಡಿ ಮಲಗುತ್ತಿದ್ದಳು. ಮುಖ ಸುಣ್ಣದ ಹಾಗೆ ಬಿಳಿಚಿತು. ಸಣ್ಣ ಮಾತಿಗೂ ರೇಗಿ ಕೈಗೆ ಸಿಕ್ಕಿದ್ದನ್ನು ಎಸೆಯುತ್ತಿದ್ದಳು. ಅವಳಿಗೆ ಗಂಟಲಲ್ಲಿ ಇಳಿಯುತ್ತಿದ್ದದ್ದು ಅಂಬಲಿ ಒಂದೇ. ಅದಕ್ಕೇ ಎಲ್ಲರೂ ಅದನ್ನೇ ಹೆಚ್ಚು ಹೆಚ್ಚು ಕುಡಿಸಿದರು. ನಾಟಿ ಮದ್ದಾಯಿತು, ಮಲ್ಲಿಪಟ್ಟಣದ ಡಾಕ್ಟರರ ಜಂತುಹುಳದ ಔಷಧಿಯಾಯಿತು. ಏನೂ ಹತ್ತಲಿಲ್ಲ. ಆಗ ಅಜ್ಜಿ ಹೇಳಿದಳು:

“ಇದು ಒಟ್ಟೆ ನೋವಲ್ಲ ಕಣಮ್ಮಿ. ಕಣ್ಣು. ಕಣ್ಣಾಸ್ರ ಆಗದೆ ಮಗೀಗೆ.”

“ಯಾರ್ದತ್ತೆ ಕಣ್ಣು?” ಅಂದಳು ಅವ್ವ.

ಅಜ್ಜಿ ನನ್ನ ಕಡೆ ತಿರುಗಿದಳು. ಎಲ್ಲರೂ ತಿರುಗಿದರು.

ನಾನು ನಿಂತಿದ್ದ ಜಾಗದಿಂದ, ನನ್ನ ಪಾದದ ಅಡಿಯಿಂದ, ಅಜ್ಜಿ ಚಿಟಿಕೆ ಮಣ್ಣು ಕೆರೆದು ತೆಗೆದಳು. ಉಪ್ಪು, ಒಣಮೆಣಸಿನಕಾಯಿ, ಪೊರಕೆ ಕಡ್ಡಿ ಸೇರಿಸಿ ರತ್ನನಿಗೆ ನಿವಾಳಿಸಿ ಒಲೆಗೆ ಹಾಕಿದಳು. ಮೆಣಸಿನಕಾಯಿ ಸುಟ್ಟರೆ ಮನೆಯೆಲ್ಲ ಕೆಮ್ಮಬೇಕು. ಕೆಮ್ಮು ಬರಲಿಲ್ಲವೆಂದರೆ ದೃಷ್ಟಿ ತಾಗಿರುವುದು ನಿಜ. ಯಾರೂ ಕೆಮ್ಮಲಿಲ್ಲ. ಒಲೆಯ ಮೇಲೆ ಹಿತ್ತಿಲ ಗಾಳಿ ಬೀಸುತ್ತಿತ್ತು, ಹೊಗೆಯೆಲ್ಲ ಬೀದಿಗೆ ಹೋಗುತ್ತಿತ್ತು, ನನಗೆ ಅದು ಕಾಣುತ್ತಿತ್ತು. ಹೇಳಿದರೆ ಯಾರು ಕೇಳುತ್ತಾರೆ? ಆ ಕ್ಷಣದಲ್ಲೂ ನನ್ನೊಳಗೆ ಉರಿದದ್ದು ಅದೇ ಹಳೆಯ ಉರಿ. ಕಾಯಿಲೆ ಬಿದ್ದರೂ ಅವಳಿಗೇ ಎಲ್ಲರ ಕೈ, ಎಲ್ಲರ ಮಡಿಲು. ನನಗೆ ಬಂದದ್ದು ಕಾಲಡಿಯ ಮಣ್ಣು ಕೆರೆಯುವ ಕೈ.

ಕಣ್ಣಾಸರಕ್ಕೆ ಅಜ್ಜಿಯ ಹತ್ತಿರ ಕೊನೆಯದೊಂದು ಮದ್ದಿತ್ತು. ಯಾರಿಗೆ ಆಸೆಯೋ ಅವರಿಗೂ ಒಂದು ಬಾಯಿ ಕೊಟ್ಟುಬಿಡುವುದು. ಆಸೆ ತೀರಿದರೆ ಕಣ್ಣು ಬಿಡುತ್ತದೆ.

ಮರುದಿನ ಬೆಳಿಗ್ಗೆ ಅವ್ವ ನನ್ನನ್ನು ಒಲೆಯ ಮುಂದೆ ಕೂರಿಸಿದಳು. ಹಸಿರು ಮಡಕೆಯ ಮುಚ್ಚಳ ತೆಗೆದಳು. ರಾತ್ರಿಯೆಲ್ಲ ನಿಂತ ಅಂಬಲಿಯನ್ನು ಸೌಟಿನಲ್ಲಿ ಕಲಕಿ ನನ್ನ ಬಟ್ಟಲಿಗೆ ಬಗ್ಗಿಸಿದಳು.

“ಕುಡಿಯವ್ವ. ಒಟ್ಟೆ ತುಂಬ ಕುಡ್ದು, ನಿಮ್ಮಕ್ಕನ್ನ ಬುಟ್ಬುಡು,” ಅಂದಳು. ಅವಳ ಕಣ್ಣಿನಲ್ಲಿ ನೀರಿತ್ತು.

ಬಟ್ಟಲು ನನ್ನ ಕೈಗೆ ಬಂತು. ಅದರ ಭಾರ ಈಗಲೂ ನನ್ನ ಅಂಗೈಯಲ್ಲಿದೆ. ತಣ್ಣಗಿತ್ತು. ನಾನು ಅದನ್ನು ಎತ್ತಿದೆ. ಕೆಳತುಟಿಗೆ ಬಟ್ಟಲಿನ ಅಂಚು ತಾಗಿತು. ಅಂಬಲಿ ಓರೆಯಾಗಿ ನನ್ನ ಕಡೆ ಹರಿಯುತ್ತಿತ್ತು. ಎದ್ದು ಕೂರಲೂ ಆಗದೆ ಗೋಡೆಗೆ ಒರಗಿದ್ದ ರತ್ನ ಎಲ್ಲಿಂದ ಶಕ್ತಿ ತಂದಳೋ, ಮೇಲೆ ಬಿದ್ದು ಬಟ್ಟಲು ಕಿತ್ತುಕೊಂಡಳು.

“ಅದು ನಂದು! ಅವ್ಳಿಗೆ ಕೊಡ್ಬ್ಯಾಡಿ! ನಂದು!”

ಅರ್ಧ ನೆಲಕ್ಕೆ ಚೆಲ್ಲಿತು. ಉಳಿದ ಅರ್ಧವನ್ನು ನನ್ನ ಮುಖವನ್ನೇ ನೋಡುತ್ತಾ ಕುಡಿದಳು. ನಾನು ಅವಳ ಜುಟ್ಟು ಹಿಡಿದೆ. ಅವ್ವ ನನ್ನ ಬೆನ್ನಿಗೆ ಗುದ್ದಿದಳು. ನನ್ನ ಬಾಳಿನಲ್ಲಿ ನಾನು ಅತಿ ಹೆಚ್ಚು ಸಲ ತಿರುಗಿ ನೋಡಿರುವುದು ಈ ಗಳಿಗೆಯನ್ನು. ಪ್ರತಿ ಸಲವೂ ಅಂಬಲಿ ಸ್ವಲ್ಪ ಬೇಗ ಹರಿಯುತ್ತದೆ, ಪ್ರತಿ ಸಲವೂ ಅಕ್ಕ ಸ್ವಲ್ಪ ತಡವಾಗಿ ಏಳುತ್ತಾಳೆ. ಬೆವರುತ್ತಾ ಎಚ್ಚರಗೊಂಡು ತುಟಿ ಒರೆಸಿಕೊಳ್ಳುತ್ತೇನೆ.

ಮಧ್ಯಾಹ್ನ ರತ್ನನಿಗೆ ಸೆಳವು ಬಂತು. ಕಣ್ಣುಗುಡ್ಡೆ ಮೇಲಕ್ಕೆ ಹೋಗಿ, ಕೈಕಾಲು ಬಡಿಯುತ್ತಾ ಮಡಕೆಯ ಸಾಲಿನ ಮೇಲೆ ಬಿದ್ದಳು. ಹಸಿ ಮಡಕೆಗಳು ಸಪ್ಪಳವಿಲ್ಲದೆ ಕುಸಿದವು. ಓಡಬಾರದ ಆ ನಡುಮನೆಯಲ್ಲಿ ಎಲ್ಲರೂ ಓಡಿದರು. ಊರಿನ ಗೌಡರ ಜೀಪು ಬಂತು. ಅಪ್ಪ ಅವ್ವ ಅವಳನ್ನು ಎತ್ತಿಕೊಂಡು ಹತ್ತಿದರು. ನನ್ನನ್ನು ಯಾರೂ ಕರೆಯಲಿಲ್ಲ, ನಾನೇ ಹಿಂದೆ ಹತ್ತಿ ಕೂತೆ. ಅರಕಲಗೂಡು ದಾಟಿ ಹಾಸನ ಬರುವವರೆಗೂ ಅವ್ವ ಅವಳ ಹೆಸರನ್ನೇ ಕರೆಯುತ್ತಿದ್ದಳು. ಬಾಯಿಗೆ ಬಟ್ಟೆ ಕಚ್ಚಿಸಿ ಅಪ್ಪ ತಲೆ ಹಿಡಿದಿದ್ದ. ಅಕ್ಕ ಸಾಯುತ್ತಾಳೆ ಎಂದು ನನಗೆ ಅರ್ಥವಾಗಿತ್ತು. ನನ್ನ ಕಣ್ಣಿನಿಂದಲೇ ಸಾಯುತ್ತಾಳೆ ಎಂದೂ ಅರ್ಥವಾಗಿತ್ತು. ಅದಕ್ಕೆ ದಾರಿಯುದ್ದಕ್ಕೂ ಕಣ್ಣು ಮುಚ್ಚಿಕೊಂಡು ಕೂತೆ.

ಆಸ್ಪತ್ರೆಯಲ್ಲಿ ಡಾಕ್ಟರು ಏನು ತಿಂದಳು, ಏನು ಕುಡಿದಳು ಎಂದು ಕೇಳಿದರು. ಅವ್ವ ಗಾಬರಿಯಲ್ಲಿ ಹೇಳಿದಳು:

“ಇನ್ನೇನೂ ಒಳೀಕೆ ಓಗಾಕಿಲ್ಲ ಸಾ. ಗಿಲೀಟುದ್ದು ಒಂದೇ.”

“ಗಿಲೀಟು? ಓಲೆ ನುಂಗಿದಾಳಾ? ಮೊದಲೇ ಹೇಳಬಾರದೇನ್ರಿ!”

ಅವಳ ಹೊಟ್ಟೆಯಲ್ಲಿ ಓಲೆ ಹುಡುಕಲು ಹೊರಟರು. ಅವ್ವನಿಗೆ ತಾನು ಹೇಳಿದ್ದು ಏನಾಯಿತೆಂದೇ ತಿಳಿಯಲಿಲ್ಲ. ಅಪ್ಪ “ಓಲೆ ಅಲ್ಲ ಸಾ, ಮಡಕೆ” ಅಂದ. “ಮಡಕೆ ನುಂಗಿದಾಳಾ?” ಅಂತ ನರ್ಸ್ ರೇಗಿದಳು. ಆ ಒಂದು ಮಾತಿನ ಗೊಂದಲದಲ್ಲಿ ಸಂಜೆಯಾಯಿತು, ಅಷ್ಟರಲ್ಲಿ ಅವಳಿಗೆ ಇನ್ನೊಮ್ಮೆ ಸೆಳವು ಬಂತು. ಆಮೇಲೆ ಬಸ್ಸಿನಲ್ಲಿ ಬಂದ ಚಿಕ್ಕಪ್ಪ ವಾರ್ಡಿನ ಬಾಗಿಲಲ್ಲಿ ನಿಂತ. ಕೆಲಸದಿಂದ ಹಾಗೇ ಎದ್ದು ಬಂದಿದ್ದ. ಡಾಕ್ಟರರ ದೃಷ್ಟಿ ಅವನ ಉಗುರುಗಳ ಮೇಲೆ ಹೋಯಿತು. ಉಗುರಿನ ಸಂದಿಯೆಲ್ಲ ಕೆಂಪು.

“ಏನು ಕೆಲಸ ನಿಮ್ಮದು? ಬಣ್ಣದ್ದಾ? ಬ್ಯಾಟರಿದಾ?”

ಚಿಕ್ಕಪ್ಪ ಪೊಟ್ಟಣದ ಕತೆ ಹೇಳಿದ. ಡಾಕ್ಟರು ಪೂರ್ತಿ ಕೇಳಲಿಲ್ಲ. ಹೋಗಿ ರತ್ನನ ಕೆಳತುಟಿಯನ್ನು ಹೆಬ್ಬೆರಳಿನಿಂದ ಕೆಳಕ್ಕೆಳೆದರು. ಹಲ್ಲಿನ ಬುಡದಲ್ಲಿ, ವಸಡಿನ ಅಂಚಿನಲ್ಲಿ, ಇಂಕಿನಿಂದ ಎಳೆದ ಹಾಗೆ ನೀಲಿ ಗೆರೆ.

“ಆ ಕೆಂಪು ಪುಡಿ ಸೀಸ ಕಣ್ರಿ. ಸರಿಯಾಗಿ ಬೇಯದ ಪೊರೆ. ಹುಳಿ ನಿಂತರೆ ಸೀಸ ಬಿಟ್ಟುಕೊಳ್ಳುತ್ತೆ. ಅದರಲ್ಲಿ ಏನಿಟ್ಟಿದ್ರಿ?”

“ಅಂಬ್ಲಿ ಸಾ,” ಅಂದಳು ಅವ್ವ. “ಬಾಯಿ ಬಿಡಿಸಾಕೆ.”

ಚಿಕ್ಕಪ್ಪ ಕೆಂಪು ಉಗುರುಗಳನ್ನು ಅಂಗಿಗೆ ಉಜ್ಜತೊಡಗಿದ. ಯಾರ ಕಣ್ಣೂ ಅಲ್ಲ ಎಂದು ಅವತ್ತು ಡಾಕ್ಟರು ಹೇಳಲಿಲ್ಲ. ಅವರಿಗೆ ಅದು ಗೊತ್ತೇ ಇರಲಿಲ್ಲವಲ್ಲ. ಹೇಳಿದ್ದರೆ ನಾನು ಮತ್ತೆ ಕಣ್ಣು ಮುಚ್ಚಿಕೊಳ್ಳುತ್ತಿರಲಿಲ್ಲ.

ರಾತ್ರಿಯೇ ಮೈಸೂರಿಗೆ ಕಳಿಸಿದರು. ಸೂಜಿಗಳ ಮೇಲೆ ಸೂಜಿ. ಮಳೆಗಾಲ ಹಿಡಿದ ಮೇಲೆ ಅಕ್ಕ ಮನೆಗೆ ಬಂದಳು, ಬದುಕಿ. ಬಲಗೈ ಮಣಿಕಟ್ಟು ಬಾಡಿದ ಹೂವಿನ ಹಾಗೆ ಜೋತುಬಿದ್ದಿತ್ತು, ಆಮೇಲೂ ಪೂರ್ತಿ ನೆಟ್ಟಗಾಗಲಿಲ್ಲ. ಕಲಿತಿದ್ದ ಮಗ್ಗಿ ಮರೆತುಹೋಗಿತ್ತು. ಅಷ್ಟರಲ್ಲಿ ಚಿಕ್ಕಪ್ಪ ಗೂಡು ಒಡೆದುಹಾಕಿದ್ದ. ಮಾರಿದ ಜಾಡಿಗಳನ್ನು ವಾಪಸು ಪಡೆಯಲು ಮನೆಮನೆ ಅಲೆದಿದ್ದ. ಕೊಣನೂರಿನ ಒಬ್ಬ ಹೆಂಗಸು ಕೊಡಲೊಪ್ಪದೆ, “ಮಾರುದ್ ಮ್ಯಾಲೆ ಚೆಂದ ಕಂಡು ಒಟ್ಟೆಕಿಚ್ಚಾ ನಿಂಗೆ? ನಮ್ ಮನೇಲಿ ಒಳೀತಾ ಇದ್ರೆ ನಿನ್ ಕಣ್ಗೆ ಕಾರ ಬೀಳ್ತದಾ?” ಅಂದಳಂತೆ. ಅವಳ ಕೈಯಿಂದ ಜಾಡಿ ಕಿತ್ತು, ನಿಂಬೆಕಾಯಿ ಸಮೇತ ಅವಳ ಅಂಗಳದಲ್ಲೇ ಒಡೆದು ಬಂದ. ಅಪ್ಪ ಎಲ್ಲ ಚೂರುಗಳನ್ನೂ ಆಳದ ಗುಂಡಿ ತೋಡಿ ಹೂಳಿದ. ಆವತ್ತು ಅಣ್ಣ ತಮ್ಮ ಮತ್ತೆ ಮಾತಾಡಿದರು. ಅಜ್ಜಿ ಮಾತ್ರ ಮುಂದಿನ ಆವಿಗೆ ಬಿಚ್ಚಿದಾಗ ಮಡಕೆಗೆ ಅಂಬಲಿ ತುಂಬಿ, ಬೆಳಿಗ್ಗೆ ಯಾರಿಗೂ ಕೊಡದೆ ತಾನೇ ಕುಡಿದಳು. ಸಾಯುವವರೆಗೂ ತಾನೇ ಕುಡಿದಳು.

ಹಾಸನದ ಕಾಲೇಜಿನಲ್ಲಿ ನಾನು ಕೆಮಿಸ್ಟ್ರಿ ತೆಗೆದುಕೊಂಡದ್ದು ಯಾಕೆಂದು ಯಾರೂ ಕೇಳಲಿಲ್ಲ. ಒಂದು ದಿನ ಪಾಠದ ನಡುವೆ ಲೆಕ್ಚರರು, ಸೀಸದ ಒಂದು ಲವಣಕ್ಕೆ ಸಿಹಿ ರುಚಿ, ಅದನ್ನು ಹಿಂದಿನವರು ಸೀಸದ ಸಕ್ಕರೆ ಅನ್ನುತ್ತಿದ್ದರು ಎಂದರು. ನನ್ನ ಪೆನ್ನು ನಿಂತಿತು. ಸೀ. ಬೆಲ್ಲ ಹಾಕಿದಂಗೆ. ಅಕ್ಕ ಸುಳ್ಳು ಹೇಳಿರಲಿಲ್ಲ. ಹುಳಿ ನಿಜವಾಗಿಯೂ ಸಿಹಿಯಾಗಿತ್ತು! ಆದರೆ ಅದು ತಿಳಿದ ಗಳಿಗೆಯಲ್ಲೇ ಹೊಟ್ಟೆಯಲ್ಲಿ ಹಳೆಯ ಆವಿಗೆ ಹೊಗೆಯಾಡಿತು. ಆ ಸಿಹಿ ನಿಜವಾಗಿ ಇತ್ತು, ಅದು ಅವಳೊಬ್ಬಳಿಗೇ ಸಿಕ್ಕಿತು. ಆಮೇಲೆ ಎಷ್ಟೋ ತರಗತಿಗಳಲ್ಲಿ ಮಕ್ಕಳಿಗೆ ನಾನು ಇದನ್ನು ಹೇಳಿದ್ದೇನೆ. ವಿಷ ಯಾವಾಗಲೂ ಕಹಿಯಾಗಿರುವುದಿಲ್ಲ ಮಕ್ಕಳೇ, ನಮ್ಮಕ್ಕ ಕುಡಿದದ್ದು ಸಿಹಿಯಾಗಿತ್ತು.

ಅಕ್ಕ ಈಗ ಅರಕಲಗೂಡಿನಲ್ಲಿ ಮಗ ಸೊಸೆಯ ಜೊತೆ ಇದ್ದಾಳೆ. ನನ್ನ ನೆನಪುಗಳ ಪುಸ್ತಕದ ಈ ಅಧ್ಯಾಯವನ್ನು ಸಿಹಿಯ ಮಾತಿನವರೆಗೆ ಬರೆದು ಮುಗಿಸಿ, ಅವಳಿಗೆ ಓದಿ ಹೇಳೋಣವೆಂದು ಹೋಗಿದ್ದೆ. ಬಿಸಿಲು ಹೊತ್ತು. ಹಿತ್ತಿಲ ಬಾಗಿಲಲ್ಲಿ ಕಾಲು ಚಾಚಿ ಕೂತು ಕೇಳಿದಳು. ಸೆಳವಿನ ಕಡೆ ಬಂದಾಗ ಬಲಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಲೆಕ್ಚರರು ಹೇಳಿದ ಮಾತು ಓದಿದಾಗ ಕಿಸಕ್ಕನೆ ನಕ್ಕಳು.

“ಅಯ್ಯೋ ಸುಸಿ. ಇಷ್ಟೋದಿ ಇದ್ನೇನೆ ನಂಬ್ಕಂಡಿದ್ದೆ? ಸೀನೂ ಇರ್ಲಿಲ್ಲ, ಪಾನೂ ಇರ್ಲಿಲ್ಲ ಕಣೆ. ಬಾಯೆಲ್ಲ ಕಾಸು ನೆಕ್ದಂಗಿರೋದು. ವಾಕ್ರಿಕೆ ಬರೋದು.”

“ಮತ್ತೆ ಸೀ ಅಂತಿದ್ದೆಯಲ್ಲ?”

“ನೀನು ಕಣ್ ಕಣ್ ಬಿಟ್ಕಂಡು ನೋಡ್ತಾ ಕುಂತಿರ್ತಿದ್ದೆ. ಸೀ ಅನ್ದೆ ಇನ್ನೇನನ್ಲಿ? ನಿನ್ನ ಉರ್ಸಾಕೆ ಕುಡೀತಿದ್ದೆ. ಒಂದ್ಸಲ ಸೀ ಅಂದ್ಬುಟ್ಟ ಮ್ಯಾಲೆ ಬುಡಾಕಾಯ್ತದಾ?”

ಕೈಯಲ್ಲಿದ್ದ ಹಾಳೆಗಳನ್ನು ಮಡಿಚಿಟ್ಟೆ. ಇಷ್ಟು ವರ್ಷ ಕೇಳದೆ ಇದ್ದದ್ದನ್ನು ಕೇಳಿದೆ.

“ಮತ್ತೆ ಅವತ್ತು ನನ್ನ ಬಟ್ಟಲು ಯಾಕೆ ಕಿತ್ಕೊಂಡೆ?”

“ನೀನು ಕುಡುದ್ರೆ ಸೀ ಇಲ್ಲ ಅಂತ ಗೊತ್ತಾಗ್ಬುಡೋದಲ್ಲೇ,” ಅಂದಳು ಅಕ್ಕ. ನನಗೆ ಅರ್ಥವಾಗದೆ ಹೋದದ್ದೇ ಅವಳಿಗೆ ಸೋಜಿಗ ಎಂಬಂತೆ ನೋಡಿದಳು.

ಸೊಸೆ ಸ್ಟೀಲಿನ ಚೊಂಬಿನಲ್ಲಿ ಅಂಬಲಿ ತಂದಿಟ್ಟು ಒಳಗೆ ಹೋದಳು. ಮಜ್ಜಿಗೆ, ಈರುಳ್ಳಿ ಹಾಕಿದ ರಾಗಿ ಅಂಬಲಿ. ಅಕ್ಕ ಎಡಗೈಯಲ್ಲಿ ಚೊಂಬು ಹಿಡಿದು, ಜೋತ ಬಲಗೈಯನ್ನು ಅದರ ಬುಡಕ್ಕೆ ಆನಿಸಿ, ಎತ್ತಿದಳು. ಬಾಯಿಯ ಹತ್ತಿರ ತಂದವಳು ನಿಲ್ಲಿಸಿ, ನನ್ನ ಕಡೆ ಚಾಚಿದಳು.

“ತಕೋ. ನೀನೇ ಮೊದ್ಲು ಕುಡಿ.”

ಕುಡಿದೆ. ನಾಲಿಗೆ ಚುರುಗುಟ್ಟುವಷ್ಟು ಹುಳಿ ಬಂದಿತ್ತು.

“ಎಂಗದೆ?” ಅಂದಳು.

ನಾನು ಚೊಂಬಿನ ಅಂಚನ್ನು ನಾಲಿಗೆಯಿಂದ ಸವರಿ, ಅವಳ ಮುಖವನ್ನೇ ನೋಡುತ್ತಾ ಹೇಳಿದೆ:

“ಸೀ.”